ಮಾತು ಸಿಕ್ಕಿಕೊಂಡ ಹುಡುಗ

ರಾತ್ರಿ ಹನ್ನೊಂದೂವರೆ. ನಮ್ಮ ಕನ್ನಡ ಸಂಘದ ಸುದ್ದಿಪತ್ರ ಬೆಳಿಗ್ಗೆ ಹೊರಡಬೇಕು, ಈ ಪುಟ ಇನ್ನೂ ಖಾಲಿ.

ಭಾನುವಾರ ರಾಜ್ಯೋತ್ಸವದ ತಾಲೀಮು ಮುಗಿಸಿ ಕಾರು ಹತ್ತಿದ ಮಗ, "ಅಮ್ಮಾ, ನಾನು ಸ್ಟೇಜ್ ಹತ್ತಲ್ಲ. ಕನ್ನಡ ಗಂಟಲಲ್ಲೇ ನಿಂತುಬಿಡುತ್ತೆ" ಅಂದ. ಅವನ 'ಹಳ್ಳಿ' 'ಹಲ್ಲಿ' ಆಗಿದ್ದಕ್ಕೆ ಯಾರೋ ನಕ್ಕಿದ್ದರು. ಕೆಟ್ಟ ಮನಸ್ಸಿನಿಂದಲ್ಲ, ಗೊತ್ತು. ಆದರೂ ಅವನ ಮುಖ ನೋಡಲಾಗಲಿಲ್ಲ. ಕಾರನ್ನು ಇಲ್ಲಿ ಡಬ್ಲಿನ್ನಿನ ಗ್ಲಾಸ್ನೆವಿನ್ ಸ್ಮಶಾನದ ಕಡೆ ತಿರುಗಿಸಿದೆ.

ಅಲ್ಲಿಗೆ ಹೋದವರೆಲ್ಲ ಓಕಾನೆಲ್ ಗೋಪುರ ನೋಡಿ ಬರುತ್ತಾರೆ. ನಾವು ಹೋಗಿ ನಿಂತಿದ್ದು ಐರ್ಲೆಂಡಿನ ಹಳೆಯ ಕಾಲದ ವಕೀಲ ಜಾನ್ ಫಿಲ್ಪಾಟ್ ಕರನ್ ಸಮಾಧಿಯ ಮುಂದೆ. ದೊಡ್ಡ ಕಲ್ಲಿನ ಪೆಟ್ಟಿಗೆಯಂಥ ಸಮಾಧಿ. ಮಗ ಒದ್ದೆ ಕಲ್ಲಿನ ಮೇಲೆ ಕೈಯಿಟ್ಟ. ನಾನು ಕಥೆ ಶುರುಮಾಡಿದೆ.

1750ರಲ್ಲಿ ಕಾರ್ಕ್ ಜಿಲ್ಲೆಯ ನ್ಯೂಮಾರ್ಕೆಟ್‌ನಲ್ಲಿ ಹುಟ್ಟಿದವನು. ಉಗ್ಗುತ್ತಿದ್ದ, ಶಾಲೆಯಲ್ಲಿ ಹುಡುಗರು ಅದನ್ನೇ ಹಿಡಿದು ಆಡಿಕೊಳ್ಳುತ್ತಿದ್ದರು. ಲಂಡನ್ನಿನಲ್ಲಿ ಕಾನೂನು ಓದುವಾಗ ಒಂದು ಚರ್ಚಾಕೂಟದಲ್ಲಿ ಎದ್ದು ನಿಂತ. ಸಭಾಧ್ಯಕ್ಷರನ್ನು ಕರೆದದ್ದಷ್ಟೇ, ಮುಂದಿನ ಮಾತೇ ಹೊರಡಲಿಲ್ಲ. ಆಮೇಲೆ ಕನ್ನಡಿ ಮುಂದೆ ನಿಂತು ಷೇಕ್ಸ್‌ಪಿಯರ್‌ನ ಸಾಲುಗಳನ್ನು ಗಟ್ಟಿಯಾಗಿ ಓದುತ್ತಾ ನಾಲಿಗೆ ಪಳಗಿಸಿಕೊಂಡ. 1775ರಲ್ಲಿ ವಕೀಲನಾದ.

1780ರಲ್ಲಿ ಡೊನರೈಲ್ ಎಂಬ ಲಾರ್ಡ್ ಒಬ್ಬ ವಯಸ್ಸಾದ ಕ್ಯಾಥೊಲಿಕ್ ಪಾದ್ರಿಗೆ ಚಾಟಿಯಿಂದ ಹೊಡೆದ. ಆಗ ಕ್ಯಾಥೊಲಿಕರು ಇಲ್ಲಿ ವಕೀಲರಾಗುವಂತೆಯೇ ಇರಲಿಲ್ಲ. ಲಾರ್ಡ್ ವಿರುದ್ಧ ನಿಲ್ಲಲು ಬೇರೆ ಯಾರೂ ಮುಂದೆ ಬರಲಿಲ್ಲ. ಪ್ರಾಟೆಸ್ಟೆಂಟ್ ಆಗಿದ್ದ ಕರನ್ ನಿಂತ. ಪ್ರಾಟೆಸ್ಟೆಂಟ್ ಜ್ಯೂರಿಯ ಮುಂದೆಯೇ ವಾದಿಸಿ 30 ಗಿನಿ (ಆಗಿನ ಚಿನ್ನದ ನಾಣ್ಯ) ಪರಿಹಾರ ಕೊಡಿಸಿದ. ಅಷ್ಟೇನು ದೊಡ್ಡ ಮೊತ್ತ ಅಲ್ಲ. ಆದರೆ ಲಾರ್ಡ್ ಒಬ್ಬ ಪಾದ್ರಿಗೆ ದಂಡ ತೆರಬೇಕಾಯಿತಲ್ಲ! 1783ರಲ್ಲಿ ಪಾರ್ಲಿಮೆಂಟಿಗೂ ಹೋದ. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಇಲ್ಲಿ ನಡೆದ 1798ರ ದಂಗೆಯಲ್ಲಿ ಸಿಕ್ಕಿಬಿದ್ದ ಶಿಯರ್ಸ್ ಸೋದರರ ಪರ ಮಧ್ಯರಾತ್ರಿ ಕಳೆದ ಮೇಲೂ, ನಿಲ್ಲಲೂ ತ್ರಾಣವಿಲ್ಲದಾಗಲೂ ವಾದಿಸಿದ. ಅವರನ್ನು ಉಳಿಸಲಾಗಲಿಲ್ಲ.

ತನ್ನಲ್ಲಿ ಏನಾದರೂ ಬೆಲೆಯುಳ್ಳದ್ದು ಇದ್ದರೆ ಅದು ಅಮ್ಮನ ಮನಸ್ಸಿನ ಸಂಪತ್ತಿನಿಂದ ಬಂದ ಪಾಲು ಅಂತ ಕರನ್ ಹೇಳಿಕೊಂಡಿದ್ದ. ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಕಟ್ಟಿತು. ನಮ್ಮ ಮಕ್ಕಳಿಗೆ ನಾವು ಇಲ್ಲಿ ಕೊಡುತ್ತಿರುವುದೂ ಅದೇ ಪಾಲು ಅಲ್ವಾ?

1817ರಲ್ಲಿ ಕರನ್ ಲಂಡನ್ನಿನಲ್ಲಿ ತೀರಿಕೊಂಡ. ಅಲ್ಲೇ ಮಣ್ಣು ಮಾಡಿದರು. ಇಪ್ಪತ್ತು ವರ್ಷದ ಮೇಲೆ, 1837ರಲ್ಲಿ, ಡಬ್ಲಿನ್ನಿಗೆ ತಂದರು. "ಅಷ್ಟು ವರ್ಷ ಆದ್ಮೇಲೂ ಊರಿಗೆ ಕರ್ಕೊಂಡು ಬಂದ್ರಾ?" ಅಂತ ಮಗ ಕೇಳಿದ. ಹೌದು ಅಂದೆ. ಇಬ್ಬರೂ ಸುಮ್ನೆ ಸ್ವಲ್ಪ ಹೊತ್ತು ನಿಂತೆವು.

ಈಗ ಸೂಚನೆಗಳು, ಬೇಗ ಬೇಗ. ರಾಜ್ಯೋತ್ಸವ ಶನಿವಾರ, ಬಾಗಿಲು ಮಧ್ಯಾಹ್ನ 3ಕ್ಕೆ, ದೀಪ ಹಚ್ಚುವುದು 3:30ಕ್ಕೆ ಸರಿಯಾಗಿ. ಊಟಕ್ಕೆ ಬಿಸಿಬೇಳೆಬಾತ್, ಮೊಸರನ್ನ. ತಟ್ಟೆ ಲೋಟ ಮನೆಯಿಂದಲೇ ತನ್ನಿ. ಸದಸ್ಯತ್ವದ ಹಣ ಬಾಕಿ ಇರುವವರು ಅಂದೇ ಕೊಟ್ಟುಬಿಡಿ. ಆರು ವರ್ಷ ಕನ್ನಡ ತರಗತಿ ನಡೆಸಿದ ದಂಪತಿ ಈ ತಿಂಗಳು ಹಾಸನಕ್ಕೆ ವಾಪಸ್ ಹೋಗುತ್ತಿದ್ದಾರೆ. ಹದಿನಾಲ್ಕು ಮಕ್ಕಳಿದ್ದಾರೆ, ಕಲಿಸುವವರಿಲ್ಲ. ವಾರಕ್ಕೆ ಒಂದೇ ಗಂಟೆ, ಯಾರಾದರೂ ಬನ್ನಿ. ಈ ಪತ್ರಕ್ಕೂ ಒಂದು ಜೊತೆ ಕೈ ಬೇಕು, ನನ್ನೊಬ್ಬಳಿಂದ ಆಗುತ್ತಿಲ್ಲ.

ಇನ್ನೊಂದು. ಮಗ ವೇದಿಕೆ ಹತ್ತಲು ಒಪ್ಪಿದ್ದಾನೆ. ಶನಿವಾರ ಯಾವ ಮಗು ನಡುವೆ ನಿಂತುಹೋದರೂ ಕೆಳಗಿನಿಂದ ಸಾಲು ಹೇಳಿಕೊಡಬೇಡಿ. ಸ್ವಲ್ಪ ಕಾಯೋಣ.