ರಸ್ತೆ ದಾಟಲು ಹಂದಿಗೆ ಚೀಲ ಬೇಡ, ನನಗೆ ಬೇಕು: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ಕಾಸರಗೋಡಿನ ಮೂಡು ಬದಿ, ಕರ್ನಾಟಕದ ಗಡಿಗೆ ತಾಗಿದಂತೆ ನನ್ನ ತೋಟ. ಮತ ಕೇಳಲು ಬಂದಾಗ ನೀವು ನಮ್ಮ ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದಿದ್ದೀರಿ. ಅವತ್ತು ನಿಮ್ಮ ಕಾರು ನಿಂತಿದ್ದ ಪಂಚಾಯತಿ ರಸ್ತೆ ನೆನಪಿದೆಯಲ್ವಾ? ಅದರ ಮೇಲ್ಬದಿ ಮನೆ, ಅಡಿಕೆ. ಕೆಳಬದಿ ಬಾಳೆ, ಮರಗೆಣಸು. ಎರಡೂ ನನ್ನದೇ. ನಡುವೆ ರಸ್ತೆಗೆ ಜಾಗ ಬಿಟ್ಟುಕೊಟ್ಟದ್ದು ನನ್ನ ಅಪ್ಪ, ಒಂದು ರೂಪಾಯಿ ತೆಗೆದುಕೊಳ್ಳದೆ.

ಹಂದಿ ಕಾಟದ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ಬೆಳೆ ಹಾಳು ಮಾಡುವ ಕಾಡುಹಂದಿಯನ್ನು ಕೊಲ್ಲಲು ಆದೇಶ ಕೊಡುವ ಅಧಿಕಾರವನ್ನು ಕೇರಳ ಸರ್ಕಾರವೇ 2022ರಲ್ಲಿ ಪಂಚಾಯತಿ ಅಧ್ಯಕ್ಷರಿಗೆ ಕೊಟ್ಟಿತು. ನನ್ನ ಹತ್ತಿರ ಒಂಟಿ ನಳಿಗೆಯ ಕೋವಿ ಇದೆ, ಪರವಾನಗಿ ಇದೆ. ಹಂದಿ ಹೊಡೆಯುವವರ ಪಂಚಾಯತಿ ಪಟ್ಟಿಯಲ್ಲಿ ಹೆಸರೂ ಇದೆ.

ಹೋದ ಮಳೆಗಾಲದ ಒಂದು ರಾತ್ರಿ. ಹನ್ನೊಂದೂವರೆ ಆಗಿರಬೇಕು. ಕೆಳಗಿನ ತೋಟದಿಂದ ನಾಯಿ ಒಂದೇ ಸಮನೆ ಬೊಗಳಿತು. ಕೋವಿ ಹೆಗಲಿಗೆ ಹಾಕಿ, ತಲೆಗೆ ಟಾರ್ಚು ಕಟ್ಟಿ ರಸ್ತೆಗೆ ಇಳಿದೆ. ದಾಟಲು ಬೇಕಾದದ್ದು ಹತ್ತು ಹೆಜ್ಜೆ. ಐದನೆಯ ಹೆಜ್ಜೆಗೆ ಪೊಲೀಸ್ ಜೀಪು ಬಂತು. ರಸ್ತೆಯಲ್ಲಿ ಕೋವಿ ಚೀಲದಲ್ಲಿಲ್ಲ, ಅದೇ ತಪ್ಪು. ಪರವಾನಗಿ ತೋರಿಸಿದೆ, ಪಂಚಾಯತಿ ಆದೇಶ ತೋರಿಸಿದೆ. ಕೇಳುವವರಿಲ್ಲ. ಸ್ಟೇಷನ್ನಿನ ಬೆಂಚಿನಲ್ಲಿ ಒದ್ದೆ ಮುಂಡಿನಲ್ಲೇ ಬೆಳಗಿನ ಜಾವ ಮೂರರವರೆಗೆ ಕೂತೆ. ನನಗೆ ಅರುವತ್ತೆರಡು ವರ್ಷ ಸ್ವಾಮಿ. ಮಲಯಾಳದಲ್ಲಿ ಬರೆದ ಹೇಳಿಕೆಗೆ ಸಹಿ ಹಾಕಿಸಿಕೊಂಡರು. ಮಲಯಾಳ ಮಾತಾಡಬಲ್ಲೆ, ಓದಲು ಬರುವುದಿಲ್ಲ. ಕೋವಿ ವಾಪಸು ಸಿಗುವಾಗ ಎರಡೂವರೆ ತಿಂಗಳು. ಅಷ್ಟರಲ್ಲಿ ಗೆಣಸು ಕೀಳುವ ಕೆಲಸವನ್ನು ಹಂದಿಗಳೇ ಮುಗಿಸಿದ್ದವು. ಕೂಲಿಯಾದರೂ ಉಳಿಯಿತು!

ನಿಯಮ ತಪ್ಪು ಅಂತ ನಾನು ಹೇಳುವುದಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಸ್ಪಷ್ಟವಾಗಿಯೇ ಇದೆ: ಸಾರ್ವಜನಿಕ ಜಾಗದಲ್ಲಿ ಕೋವಿಯನ್ನು ಅದಕ್ಕೆಂದೇ ಮಾಡಿದ ಚೀಲದಲ್ಲಿ ಒಯ್ಯಬೇಕು. ಗೋಣಿ ಸುತ್ತಿದರೆ ಆಗದು. ಒಳ್ಳೆಯದೇ. ಪೇಟೆಯಲ್ಲಿ ಯಾರಾದರೂ ಕೋವಿ ತೂಗಿಸಿಕೊಂಡು ತಿರುಗಿದರೆ ನನಗೂ ಹೆದರಿಕೆ. ಮದುವೆ ದಿಬ್ಬಣದಲ್ಲಿ ಖುಷಿಗೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು ಅಂತ ಶಸ್ತ್ರಾಸ್ತ್ರ ಕಾಯಿದೆಯ 2019ರ ತಿದ್ದುಪಡಿಯಲ್ಲಿ ಬಂತು. ಅದೂ ಸರಿ. ಆದರೆ ನನ್ನ ತೋಟದಿಂದ ನನ್ನ ತೋಟಕ್ಕೆ ಹೋಗುವಾಗ? ಕೋವಿಯ ಗುಂಡು ತೆಗೆದು, ಚೀಲಕ್ಕೆ ಹಾಕಿ, ದಾಟಿ, ಚೀಲ ಬಿಚ್ಚಿ, ಮತ್ತೆ ಗುಂಡು ತುಂಬುವವರೆಗೆ ಸ್ವಲ್ಪ ನಿಲ್ಲಿ ಅಂತ ಹಂದಿಗೆ ಯಾರು ಹೇಳುವುದು? ನೀವು ಹೇಳ್ತೀರಾ?

ನಾನು ಕೇಳುವುದು ಒಂದು ಹಾಳೆ. ಎಲ್ಲಿ ಕೋವಿ ಚೀಲದಲ್ಲಿರಬೇಕು, ಎಲ್ಲಿ ಕೈಯಲ್ಲಿರಬಹುದು, ಪಂಚಾಯತಿ ಆದೇಶ ಇದ್ದವನು ತನ್ನ ತೋಟದ ನಡುವಿನ ರಸ್ತೆ ಹೇಗೆ ದಾಟಬೇಕು ಅಂತ ಬರೆದ ಹಾಳೆ. ಕಲೆಕ್ಟರರ ಸಹಿ ಇರಲಿ. ಕನ್ನಡದಲ್ಲಿರಲಿ. ನಮ್ಮ ಭಾಷೆಯಲ್ಲೇ ಸರ್ಕಾರದ ಜೊತೆ ಪತ್ರ ವ್ಯವಹಾರ ಮಾಡಲು ಇಲ್ಲಿನ ಕನ್ನಡಿಗರಾದ ನಮಗೆ ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಲ್ಲೇ ಅವಕಾಶ ಇದೆ, ಗೊತ್ತಲ್ವಾ.

ಪಾಣತ್ತೂರು ದಾಟಿದರೆ ಕೊಡಗು. ಅಲ್ಲಿ ಕೊಡವರಿಗೆ, ಜಮ್ಮಾ ಅನ್ನುವ ಹಳೇ ವಂಶಪಾರಂಪರ್ಯ ಹಿಡುವಳಿಯ ಭೂಮಿ ಇದ್ದವರಿಗೆ ಕೋವಿಗೆ ಪರವಾನಗಿಯೇ ಬೇಡ. ಅದು ಅವರ ಹಳೇ ಹಕ್ಕು, ನನಗೆ ಹೊಟ್ಟೆಕಿಚ್ಚಿಲ್ಲ. ನಾನು ಕೇಳುವುದು ವಿನಾಯಿತಿ ಅಲ್ಲ, ಒಂದು ಹಾಳೆ.

ಇನ್ನು ಚುನಾವಣೆ ಬಂದರೆ ಅದು ಮುಗಿಯುವವರೆಗೆ ಕೋವಿ ಸ್ಟೇಷನ್ನಿನಲ್ಲಿ ಠೇವಣಿ. ಯಾರ ಕೋವಿ ಇಡಿಸಬೇಕು ಅಂತ ಒಬ್ಬೊಬ್ಬರದ್ದೂ ನೋಡಿ ತೀರ್ಮಾನಿಸಲು ಜಿಲ್ಲೆಯಲ್ಲಿ ಪರಿಶೀಲನಾ ಸಮಿತಿ ಇರುತ್ತದೆ. ನನಗೆ ಬರುವುದು ಮಾತ್ರ ಪ್ರತಿ ಸಲವೂ ಒಂದೇ ಫೋನು, ‘ನಾಳೆಯೇ ತನ್ನಿ’. ಅದಿರಲಿ, ಅದಕ್ಕೆ ಬೇರೆ ಪತ್ರ ಬರೆಯುತ್ತೇನೆ.

ಈ ಸಲ ಮತ್ತೆ ಗೆಣಸು ನೆಟ್ಟಿದ್ದೇನೆ. ಅದು ಬೆಳೆಯುವ ಮೊದಲು ಆ ಹಾಳೆ ಕೊಡಿಸಿ.

ಇತಿ,
ನಿಮಗೆ ಮಜ್ಜಿಗೆ ಕೊಟ್ಟ ಕೃಷಿಕ