ಮಾಜಾಳಿಯಲ್ಲಿ ಓದುವ ಮೇಧಾಗೆ

ಶಿರಸಿ

ಚಿ. ಮೇಧಾಗೆ ದೊಡ್ಡಮ್ಮನ ಆಶೀರ್ವಾದ.

ಮೊದಲ ಸೆಮಿಸ್ಟರ್‌ನಲ್ಲಿ ಗಣಿತ ಹೋಯಿತು, ಇಂಜಿನಿಯರಿಂಗ್ ಬಿಟ್ಟು ಬಿ.ಎ. ಸೇರುತ್ತೇನೆ ಅಂದೆಯಂತೆ. ಬಿಡುವುದಾದರೆ ಬಿಡು ತಂಗಿ, ಆದರೆ ಯಾತಕ್ಕೆ ಬಿಡುತ್ತಿದ್ದೀಯ ಅನ್ನುವುದು ಖಚಿತವಿರಲಿ. ಫೇಲಾದ ಹುಡುಗ ಪೇಪರ್ ಕಷ್ಟವಿತ್ತು ಅನ್ನುತ್ತಾನೆ, ಅಷ್ಟೇ ಅಂಕ ಬಂದ ಹುಡುಗಿ ನನಗೆ ತಲೆಯೇ ಇಲ್ಲ ಅನ್ನುತ್ತಾಳೆ. ಅಮೆರಿಕದ ಏಳು ವಿದ್ಯಾಸಂಸ್ಥೆಗಳಲ್ಲಿ ವಿಜ್ಞಾನ, ಇಂಜಿನಿಯರಿಂಗ್ ಬಿಟ್ಟವರನ್ನೂ ಉಳಿದವರನ್ನೂ ಮಾತನಾಡಿಸಿ ಎಲೇನ್ ಸೀಮೋರ್, ನ್ಯಾನ್ಸಿ ಹ್ಯೂಯಿಟ್ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಬಿಟ್ಟವರು ಓದಿನಲ್ಲಿ ಹಿಂದಿದ್ದವರೇನಲ್ಲ.

ಹುಡುಗರು ಜಾರುವ ದಾರಿ ಬೇರೆ. ವಿಷಯ ಬಾಕಿಯಾಗಿದ್ದನ್ನು ಮನೆಗೆ ಹೇಳುವುದಿಲ್ಲ, ಕ್ಲಾಸಿಗೂ ಹೋಗುವುದಿಲ್ಲ, ಹಾಜರಿ ಶೇ. 85ಕ್ಕಿಂತ ಇಳಿದ ಮೇಲೆ ಪರೀಕ್ಷೆಗೇ ತೊಡಕು. ನಿನ್ನ ತಮ್ಮನ ಕಿವಿಗೂ ಇದನ್ನು ಹಾಕಿಡು.

ನೀನೀಗ ಉತ್ತರಪತ್ರಿಕೆಯ ಪ್ರತಿಗೆ ನಿಮ್ಮ ವಿಶ್ವವಿದ್ಯಾಲಯ ವಿ.ಟಿ.ಯು.ಗೆ ಅರ್ಜಿ ಹಾಕು. ಫಲಿತಾಂಶದ ನಂತರ ಕೆಲವೇ ದಿನ ಅವಕಾಶ, ತಡಮಾಡಬೇಡ. ಪ್ರಶ್ನೆಪತ್ರಿಕೆಯಲ್ಲಿ ಐದು ಮಾಡ್ಯೂಲ್ (ಪಾಠಭಾಗ), ತಲಾ 20 ಅಂಕ, ಪಾಸಿಗೆ ಈ ಪರೀಕ್ಷೆಯಲ್ಲಿ 100ಕ್ಕೆ ಕನಿಷ್ಠ 35 ಬೇಕು. ಎಲ್ಲೆಲ್ಲಿ ಅಂಕ ಹೋಗಿದೆ ಗುರುತು ಮಾಡು. ಮ್ಯಾಟ್ರಿಕ್ಸ್ ಲೆಕ್ಕದಲ್ಲಿ ಎರಡನೇ ಸಾಲಿನಿಂದ ಮೊದಲ ಸಾಲಿನ ಎರಡು ಪಟ್ಟು ಕಳೆಯುವಾಗ ಒಂದು ಮೈನಸ್ ತಪ್ಪಿದರೆ ಕೆಳಗಿನದೆಲ್ಲ ಕೆಟ್ಟುಹೋಗುತ್ತದೆ. ಅದು ಕೈ ಪಳಗದ ತಪ್ಪು. ದಿನಕ್ಕೆ ನಾಲ್ಕು ಲೆಕ್ಕ ಉತ್ತರ ನೋಡದೆ ಮಾಡು, ಯಾವ ಸಾಲಿಗೆ ಏನು ಮಾಡಿದೆ ಅಂತ ಪಕ್ಕದಲ್ಲೇ ಬರೆ. ಪುಟವೇ ಖಾಲಿ ಇದ್ದರೆ ಪಾಠ ಅರ್ಥವಾಗಿಲ್ಲ ಅಂತ. ಆಗ ಪಿಯುಸಿ ಪುಸ್ತಕ ತೆಗೆದು ಡಿಫರೆನ್ಸಿಯೇಷನ್‌ನಿಂದ ಶುರು ಮಾಡಬೇಕು.

ಲ್ಯಾಬಿನಲ್ಲಿ ಹುಡುಗರು ತಂತಿ ಜೋಡಿಸುವುದು, ನೀನು ರೀಡಿಂಗ್ ಬರೆಯುವುದು ನಡೆದಿದ್ದರೆ ಇಂದೇ ನಿಲ್ಲಿಸು. ಅಕ್ಷರ ಚೆನ್ನಾಗಿದೆ ಅಂತ ರೆಕಾರ್ಡ್ ಕೈಗೆ ಕೊಡುತ್ತಾರೆ, ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಮಲ್ಟಿಮೀಟರಿನ ಕೆಂಪು ತಂತಿ ಎಲ್ಲಿಗೆ ಅಂತ ಕೇಳಿದರೆ ಬಾಯಿ ಕಟ್ಟುತ್ತದೆ. ವಾರ ಬಿಟ್ಟು ವಾರ ಜೋಡಣೆ ನನ್ನದು ಅಂತ ಬ್ಯಾಚಿನವರಿಗೆ ಹೇಳು. ಇದರಲ್ಲಿ ಸಂಕೋಚ ಸಲ್ಲದು.

ಕೋರ್ಸ್ ನಾಲ್ಕು ವರ್ಷದ್ದಾದರೂ ಮುಗಿಸಲು 8 ವರ್ಷ ಅವಕಾಶವಿದೆ, ಒಂದು ವಿಷಯ ಬಾಕಿಯಾದರೆ ದಾರಿ ಮುಚ್ಚುವುದಿಲ್ಲ. ಬ್ರಾಂಚ್ ಹಿಡಿಸದಿದ್ದರೆ ಎರಡನೇ ವರ್ಷದ ಆರಂಭದಲ್ಲಿ, ಸೀಟು ಖಾಲಿ ಇದ್ದರೆ, ಬದಲಾವಣೆ ಕೇಳಬಹುದು.

ಟಿ.ಸಿ.ಗೆ ಅರ್ಜಿ ಕೊಡುವುದನ್ನು ಎರಡನೇ ಸೆಮಿಸ್ಟರ್ ಫಲಿತಾಂಶದವರೆಗೆ ತಡೆ. ಉತ್ತರಪತ್ರಿಕೆ ಬಂದ ಕೂಡಲೇ ಎಲ್ಲ ಪುಟ ನನಗೆ ಕಳಿಸು, ಒಟ್ಟಿಗೆ ನೋಡುವ.

ನಿನ್ನ
ದೊಡ್ಡಮ್ಮ