ಜಾವಾ ಬೈಕಿನ ಕೀ ಕೊಡಲ್ಲ ಅಂದಿದ್ದಕ್ಕೆ

ಪುಟ್ಟಿ,

"ನನ್ನ ವಯಸ್ಸಲ್ಲಿ ನೀನು ಒಬ್ಬಳೇ ಹೋಗ್ತಿರಲಿಲ್ವಾ ಅಮ್ಮ?" ಅಂತ ಕೇಳಿ ನಿನ್ನೆ ಬಾಗಿಲು ಹಾಕಿಕೊಂಡೆ. ಹೋಗ್ತಿದ್ದೆ. ಅದಕ್ಕೇ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ನಿನ್ನ ಕೈಮೇಲೆ ನನಗೆ ಅನುಮಾನವಿಲ್ಲ. ಎಂಜಿನ್ನಿಗೆ ಕಿಡಿ ಸರಿಯಾದ ಹೊತ್ತಿಗೆ ಬರೋಕೆ ಪಾಯಿಂಟ್ ಗ್ಯಾಪ್ 0.4 ಮಿಮೀ ಇಡೋದರಲ್ಲಿ ನೀನು ನನಗಿಂತ ಚುರುಕು. ಕಿಕ್ಕರೇ ಗೇರ್ ಲಿವರ್ ಆಗುವ ಆ ಜಾವಾದಲ್ಲಿ, ಕಿಕ್ ಹೊಡೆದ ಕಾಲಲ್ಲೇ ಫಸ್ಟ್ ಗೇರ್ ಹಾಕ್ತೀಯಲ್ಲ, ಅದನ್ನ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೇನೆ. ನಿನಗೆ ಹೇಳಿರಲಿಲ್ಲ.

ನನ್ನ ಭಯ ಬೇರೆ. ನಾವು ಬಿದ್ದ ದಿನದ್ದು. ನಿನಗಾಗ 9 ವರ್ಷ. ಗಾಡಿ ಹಳೇದು, ಎಂಜಿನ್ ಜಾಮ್ ಆಯ್ತು ಅಂತ ಎಲ್ಲರಿಗೂ ಹೇಳಿದ್ದೆ, ನಿನಗೂ. ಅದು ಸುಳ್ಳು. ತುಕ್ಕು ಕೆರೆದು, ಒಂದೊಂದು ನಟ್ಟು ಹುಡುಕಿ ನಾನೇ ಎಬ್ಬಿಸಿದ ಗಾಡಿ ಅದು. ಅದರ ಮೇಲೇ ತಪ್ಪು ಹೊರಿಸಿದೆ.

ನಾನು ಆಯಿಲ್ ಹಾಕಿರಲಿಲ್ಲ. ಟೂ ಸ್ಟ್ರೋಕ್ ಪಿಸ್ಟನ್‌ಗೆ ಪೆಟ್ರೋಲಿನ ಜೊತೆ ಬರುವ ಆಯಿಲ್ ಬಿಟ್ರೆ ಬೇರೆ ಗತಿಯಿಲ್ಲ. ಲೀಟರಿಗೆ 40 ಎಂಎಲ್. ಅವತ್ತು ಪೆಟ್ರೋಲ್ ತುಂಬಿಸುವಾಗ ಯಾರೋ ಬಂದು, ಒಂದೇ ಸಿಲಿಂಡರ್‌ಗೆ ಎರಡು ಸೈಲೆನ್ಸರ್ ಯಾಕೆ ಅಂತ ಕೇಳಿದರು. ಹೆಮ್ಮೆಯಿಂದ ವಿವರಿಸ್ತಾ ನಿಂತೆ. ಅಳತೆ ಲೋಟ ಟ್ಯಾಂಕ್ ಮೇಲೇ ಇತ್ತು. ಹಾಗೇ ಎತ್ತಿ ಬ್ಯಾಗಿಗೆ ಹಾಕಿದೆ. ಯಾವತ್ತೂ ಜಿಡ್ಡಾಗುವ ಬೆರಳು ಅವತ್ತು ಒಣಗಿತ್ತು. ಆಗಲೇ ಗೊತ್ತಾಗಬೇಕಿತ್ತು.

ಇಳಿಜಾರಿನಲ್ಲಿ ಸಣ್ಣಗೆ ಕೀರಲು ಸದ್ದು ಬಂತು. ಪಿಸ್ಟನ್ ಜಾಮ್ ಆಗಿ ಹಿಂದಿನ ಚಕ್ರ ಕಚ್ಚಿಕೊಂಡಿತು. ನನ್ನ ಸೊಂಟ ಹಿಡಿದಿದ್ದ ನಿನ್ನ ಕೈ ಬಿಟ್ಟುಹೋಗಿದ್ದು ಗೊತ್ತಾಯ್ತು. ಕ್ಲಚ್ ಹಿಡಿದಿದ್ದರೆ ಚಕ್ರ ಬಿಟ್ಟುಕೊಳ್ಳುತ್ತಿತ್ತು. 20 ವರ್ಷ ಓಡಿಸಿದವಳು, ನಾಲ್ಕು ಬೆರಳು ಮಡಚಲಿಲ್ಲ.

ಆಮೇಲೆ ಸಿಲಿಂಡರ್ ಬಿಚ್ಚಿದೆ. ಪಿಸ್ಟನ್ ಪಕ್ಕದಲ್ಲಿ ಮೇಲಿಂದ ಕೆಳಗೆ ಗೀರು. ಅಲ್ಯೂಮಿನಿಯಂ ಮೆತ್ತಿಕೊಂಡು ರಿಂಗ್ ಅಲುಗಾಡ್ತಿರಲಿಲ್ಲ. ನೀನು ಬ್ಯಾಂಡೇಜ್ ಕೈಯಲ್ಲೇ ಅದನ್ನ ತಿರುಗಿಸಿ ನೋಡಿ, "ಪಾಪ, ಇದಕ್ಕೂ ನೋವಾಗಿದೆ" ಅಂದೆ. ಆಗಲೂ ನಿಜ ಹೇಳಲಿಲ್ಲ. ಕ್ಷಮಿಸು ಮಗಳೇ.

ಅದಕ್ಕೇ ಕೇಳು. ಉದ್ದ ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಡಬೇಡ. ಪೆಟ್ರೋಲ್ ಕಮ್ಮಿಯಾದ್ರೆ ಆಯಿಲೂ ಕಮ್ಮಿ, ಎಂಜಿನ್ ಮಾತ್ರ ಜೋರಾಗಿ ತಿರುಗ್ತಾನೇ ಇರುತ್ತೆ. ಕ್ಲಚ್ ಹಿಡಿದು ಆಗಾಗ ಸ್ವಲ್ಪ ರೇಸ್ ಕೊಡು. ಎರಡು ಬೆರಳು ಕ್ಲಚ್ ಮೇಲೇ ಇರಲಿ. ಸದ್ದು ಬದಲಾದ್ರೆ ಯೋಚನೆ ಮಾಡ್ಬೇಡ, ಹಿಡಿ. ಡ್ರಮ್ ಬ್ರೇಕ್ ಜಾಸ್ತಿ ಬಿಸಿಯಾದ್ರೆ ಹಿಡಿಯಲ್ಲ, ನಿಲ್ಲಿಸಿ ಆರಲು ಬಿಡು. 6 ವೋಲ್ಟ್ ಲೈಟ್ ನಂಬಿ ಕತ್ತಲಲ್ಲಿ ಹೋಗಬೇಡ. ಪಾಠ ಮಾಡಬಾರದು ಅಂತಲೇ ಬರೆಯೋಕೆ ಕೂತಿದ್ದೆ. ಆದರೂ ಟೈರಿನ ಪಕ್ಕದಲ್ಲಿ ಬಿರುಕಿದೆಯಾ ನೋಡು. ರಸ್ತೆಗೆ ತಾಗೋ ಬಟನ್ ಎಷ್ಟೇ ಚೆನ್ನಾಗಿದ್ರೂ ಬಿರುಕು ಬಿಟ್ಟ ಟೈರ್ ಬೇಡ.

ಶೆಡ್ಡಿನ ಗೋಡೆಯಲ್ಲಿರೋ ಎಂಜಿನಿಯರ್ ಬಿಯಾಟ್ರಿಸ್ ಶಿಲ್ಲಿಂಗ್ ಫೋಟೋ ನಿನಗೆ ಇಷ್ಟ ಅಲ್ವಾ? 1934ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ರೇಸ್ ಟ್ರ್ಯಾಕಿನಲ್ಲಿ ನಾರ್ಟನ್ ಬೈಕ್ ಮೇಲೆ ಗಂಟೆಗೆ 100 ಮೈಲಿ ದಾಟಿದಾಕೆ ಅಂತ ಬಂದವರಿಗೆಲ್ಲ ತೋರಿಸ್ತೀಯ. ನಾನು ಅದನ್ನ ಅಲ್ಲಿ ಹಾಕಿದ್ದು ವೇಗಕ್ಕಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಫೈಟರ್ ವಿಮಾನಗಳು ಮೂತಿ ತಗ್ಗಿಸಿ ಕೆಳಗೆ ನುಗ್ಗಿದ್ರೆ ಎಂಜಿನ್ ಕೈಕೊಡ್ತಿತ್ತು. ಪೆಟ್ರೋಲ್ ಹರಿವಿಗೆ ಅಳತೆಯ ತೂತಿನ ಒಂದು ಸಣ್ಣ ಲೋಹದ ತುಂಡು ಅಡ್ಡ ಇಟ್ಟು 1941ರಲ್ಲಿ ಆಕೆ ಅದಕ್ಕೊಂದು ದಾರಿ ಮಾಡಿದರು. ವಾಷರ್‌ನಷ್ಟು ಸಣ್ಣದು. ಅಷ್ಟು ಸಣ್ಣದನ್ನೇ ಅವತ್ತು ನಾನು ಮರೆತಿದ್ದು.

ಅದೇ ಅಳತೆ ಲೋಟ ತೊಳೆದು ಟ್ಯಾಂಕ್ ಮೇಲೆ ಇಟ್ಟಿದ್ದೇನೆ. ಕೀ ಅದರೊಳಗಿದೆ. ಹೊರಡುವಾಗ ನನ್ನ ಎಬ್ಬಿಸು.

ಅಮ್ಮ